ಪುಟ್ಟಿ, ನಿನ್ನ ಗಾಡಿ ತಯಾರಾಗಿದೆ

ಯಾದವಗಿರಿ, ಮೈಸೂರು

ಪ್ರೀತಿಯ ಪುಟ್ಟಿಗೆ,

ನಾನು, ನಿನ್ನ ಅತ್ತಿಗೆ ಇಬ್ಬರೂ ಕ್ಷೇಮ. ಅವಳ ಮಂಡಿನೋವು ಸ್ವಲ್ಪ ಇಳಿದಿದೆ. ಭಾವನವರ ಬಿ.ಪಿ. ಹೇಗಿದೆ, ಅಡಕೆ ಕೊಯ್ಲು ಶುರುವಾಯಿತೇ, ಬರೆ.

ಗಾಡಿ ತಯಾರಾಯಿತು ಎಂದು ಮೊನ್ನೆ ಫೋನಿನಲ್ಲಿ ಹೇಳಿದಾಗ ನೀನು ಬಿಲ್ಲು ಎಷ್ಟಾಯಿತು ಎಂದು ಕೇಳಿದೆ. ಅದನ್ನು ಕೇಳಬೇಡ. ಆಮೇಲೆ ಕೇಳಿದೆಯಲ್ಲ, "ಒಳಗೆ ಏನಾಗಿತ್ತು, ಏನೇನು ಮಾಡಿದೆ, ಎಲ್ಲ ಬಿಡಿಸಿ ಬರೆ" ಎಂದು, ಅದಕ್ಕೆ ಈ ಕಾಗದ. ಉದ್ದವಾಗುತ್ತದೆ. ಮಧ್ಯಾಹ್ನ ಬಿಡುವಾದಾಗ ಕೂತು ಓದು.

ಎಲ್ಲಕ್ಕೂ ಮೊದಲು ಒಂದು ಮಾತು. ಆವತ್ತು ಆಗುಂಬೆ ಘಾಟಿಯಲ್ಲಿ ಎಂಜಿನ್ ಸೀಜ್ ಆದದ್ದು ನಿನ್ನಿಂದ ಅಲ್ಲ. ಪೆಟ್ರೋಲಿಗೆ ಆಯಿಲ್ ಹಾಕಲು ನೀನು ಮರೆತಿರಲಿಲ್ಲ. ನಿನ್ನ ಸಮಾಧಾನಕ್ಕೆಂದು ಹೇಳುತ್ತಿರುವ ಮಾತಲ್ಲ ಇದು. ಎಂಜಿನ್ ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಬೆಳಕಿಗೆ ಹಿಡಿದು ನೋಡಿ ಹೇಳುತ್ತಿದ್ದೇನೆ. ಅಂದು ಗಾಡಿ ನೋಡಿದ ಮೆಕ್ಯಾನಿಕ್ "ಟೀಚರಮ್ಮ ಆಯಿಲ್ ಹಾಕೋದು ಮರೆತಿದ್ದಾರೆ" ಎಂದು ನಾಲ್ಕು ಜನರ ಮುಂದೆ ಹೇಳಿಬಿಟ್ಟ. ಊರು ಅದನ್ನೇ ನಂಬಿತು. ಹೆಣ್ಣುಮಗಳು ಗಾಡಿ ಓಡಿಸಿದರೆ ಹೀಗೇ ಆಗುವುದು ಎಂದೂ ಯಾರೋ ಅಂದರಂತೆ. ಅಲ್ಲಿಂದಾಚೆ ನೀನು ಆ ಗಾಡಿಯ ಮೇಲೆ ಕೂರಲಿಲ್ಲ. ಅಣ್ಣ ಪ್ರೀತಿಯಿಂದ ಕೊಟ್ಟ ಗಾಡಿಯನ್ನು ಹಾಳು ಮಾಡಿದೆ ಎಂಬ ಕೊರಗನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೆ ಎಂಬುದು, ಗಾಡಿಯನ್ನು ಲಾರಿಗೆ ಹಾಕಿಸಿ ಇಲ್ಲಿಗೆ ಕಳಿಸುವಾಗ ನೀನು ಜೊತೆಗಿಟ್ಟ ಚೀಟಿ ಓದಿದ ಮೇಲೇ ನನಗೆ ತಿಳಿದದ್ದು. ಆ ಕೊರಗು ಇವತ್ತಿಗೆ ಮುಗಿಯಬೇಕು.

ನೀನು ಗಾಡಿ ಓಡಿಸಿದ್ದೀಯೇ ಹೊರತು ಒಳಗೆ ನೋಡಿದವಳಲ್ಲ. ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ನಮ್ಮ ಯೆಜ್ಡಿ ಬೈಕಿನದು ಟೂ ಸ್ಟ್ರೋಕ್ ಎಂಜಿನ್. ಬುಲೆಟ್ಟಿನ ಎಂಜಿನ್ನಿಗೆ ಇರುವಂತೆ ಇದಕ್ಕೆ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ, ಪೋರ್ಟ್ ಅನ್ನುತ್ತಾರೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತ ತಾನೇ ಅವನ್ನು ಮುಚ್ಚುತ್ತದೆ, ತಾನೇ ತೆರೆಯುತ್ತದೆ. ಕಾರ್ಬುರೇಟರಿನಿಂದ ಬರುವ ಪೆಟ್ರೋಲು ಮತ್ತು ಗಾಳಿ ನೇರವಾಗಿ ಪಿಸ್ಟನ್ನಿನ ತಲೆಯ ಮೇಲಕ್ಕೆ ಹೋಗುವುದಿಲ್ಲ. ಮೊದಲು ಕೆಳಗೆ, ಕ್ರ್ಯಾಂಕ್ ತಿರುಗುವ ಕೋಣೆಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅಲ್ಲಿ ಒತ್ತಡಕ್ಕೆ ಸಿಕ್ಕಿ ಪಕ್ಕದ ದಾರಿಗಳಿಂದ ಮೇಲೇರುತ್ತದೆ. ಪೆಟ್ರೋಲಿನಲ್ಲಿ ನಾವು ಬೆರೆಸುವ ಆಯಿಲ್ ಕೂಡ ಇದೇ ದಾರಿಯಲ್ಲಿ ಬಂದು ಕ್ರ್ಯಾಂಕಿನ ಬೇರಿಂಗು, ಕನೆಕ್ಟಿಂಗ್ ರಾಡಿನ ಕೆಳತುದಿ, ಪಿಸ್ಟನ್, ರಿಂಗು ಎಲ್ಲವನ್ನೂ ನೆನೆಸಿ ಹೋಗುತ್ತದೆ. ಇವುಗಳಿಗೆ ಎಣ್ಣೆ ಸಿಗಲು ಬೇರೆ ದಾರಿಯೇ ಇಲ್ಲ.

ಹೀಗಾಗಿ ಆ ಕ್ರ್ಯಾಂಕ್ ಕೋಣೆ ಗಾಳಿಯಾಡದಂತೆ ಭದ್ರವಾಗಿರಬೇಕು. ಕ್ರ್ಯಾಂಕಿನ ತುದಿಗಳು ಹೊರಗೆ ಬರುವ ಕಡೆ ಒಂದೊಂದು ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಎಡಗಡೆಯದು ಕ್ಲಚ್ಚಿನ ಕಡೆ, ಬಲಗಡೆಯದು ಡೈನಮೋ ಕಡೆ. ಎಡಗಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನು ಒಳಗೆಳೆದುಕೊಂಡು ಬಿಳಿ ಹೊಗೆ ಉಗುಳುತ್ತದೆ, ಬೀದಿಗೆಲ್ಲ ಗೊತ್ತಾಗುತ್ತದೆ. ಬಲಗಡೆಯದು ಹೋದರೆ ಹೊರಗೆ ಏನೂ ಕಾಣುವುದಿಲ್ಲ. ಡೈನಮೋ ಕಡೆಯಿಂದ ಗಾಳಿ ಕದ್ದು ಒಳಗೆ ಹೋಗುತ್ತದೆ. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಉರಿಯುವ ಶಾಖ ಏರುತ್ತದೆ, ಗಾಡಿ ಆಕ್ಸಿಲರೇಟರ್ ಬಿಟ್ಟರೂ ಇಳಿಯದೆ ಕೂಗುತ್ತದೆ.

ಅಮ್ಮನ ಟ್ರಂಕಿನಲ್ಲಿ ನಿನ್ನ ಹಳೆಯ ಕಾಗದಗಳ ಕಟ್ಟು ಇದೆಯಲ್ಲ, ಅದನ್ನು ತೆಗೆಸಿ ಓದಿದೆ. ಗಾಡಿ ನಿಲ್ಲುವ ಸ್ವಲ್ಪ ಮುಂಚೆ ಬರೆದದ್ದರಲ್ಲಿ ನೀನೇ ಹೇಳಿದ್ದೀಯ: ಕೈ ಬಿಟ್ಟರೂ ಎಂಜಿನ್ ಜೋರಾಗಿಯೇ ಇರುತ್ತದೆ, ಕೇಬಲ್ಲಿಗೆ ಎಣ್ಣೆ ಹಾಕಿಸಿದರೂ ಸರಿಹೋಗಲಿಲ್ಲ ಎಂದು. ಆ ಕಾಗದ ಬಂದಾಗ ನಾನು ಕಾರ್ಖಾನೆಯ ಕೆಲಸದ ಮೇಲೆ ಊರಲ್ಲಿರಲಿಲ್ಲ, ಅಮ್ಮ ಓದಿ ಟ್ರಂಕಿನಲ್ಲಿಟ್ಟಿದ್ದಾರೆ.

ಈಗ ಬಿಚ್ಚಿದಾಗ ಕಂಡದ್ದು ಇದು. ಬಲಗಡೆಯ ಸೀಲಿನ ತುಟಿ ಕಲ್ಲಿನಂತೆ ಗಟ್ಟಿಯಾಗಿ, ಒಂದು ಕಡೆ ಸೀಳಿತ್ತು. ಅದರ ಸುತ್ತ ಡೈನಮೋ ಕೋಣೆಯಲ್ಲಿ ಜಿಡ್ಡು ಪಸೆ. ಪಿಸ್ಟನ್ ಸುಟ್ಟಿದ್ದು ಸೈಲೆನ್ಸರಿನ ಪೋರ್ಟ್ ಕಡೆಗೆ ಮಾತ್ರ. ಅಲ್ಲಿ ಅಲ್ಯೂಮಿನಿಯಂ ಕರಗಿ ಸಿಲಿಂಡರಿಗೆ ಬಳಿದುಕೊಂಡಿತ್ತು, ರಿಂಗು ತನ್ನ ತೋಡಿನಲ್ಲೇ ಅಂಟಿ ಹೋಗಿತ್ತು. ಆದರೆ ಕನೆಕ್ಟಿಂಗ್ ರಾಡಿನ ಕೆಳತುದಿ, ಅಂದರೆ ಬಿಗ್ ಎಂಡ್, ನೋಡಿದರೆ ಒಳಗಿನ ರೋಲರುಗಳ ಮೇಲೆ ಎಣ್ಣೆಯ ಜಿಡ್ಡು ಇವತ್ತಿಗೂ ಇದೆ. ಎಲ್ಲೂ ನೀಲಿ ತಿರುಗಿಲ್ಲ, ಗೀರಿಲ್ಲ. ಪೆಟ್ರೋಲಿನಲ್ಲಿ ಆಯಿಲೇ ಇಲ್ಲದೆ ಘಾಟಿ ಹತ್ತಿದ್ದರೆ ಕೆಳಗಿನ ಈ ರೋಲರುಗಳಿಗೂ ಪೆಟ್ಟು ಬೀಳುತ್ತಿತ್ತು. ಸೋಮೇಶ್ವರದಿಂದ ಮೇಲಕ್ಕೆ ಲೋಡಿನಲ್ಲಿ ಹತ್ತುವಾಗ, ಗಾಳಿ ಕುಡಿದು ಕಾದ ಎಂಜಿನ್ನಿನಲ್ಲಿ ಪಿಸ್ಟನ್ ಹಿಗ್ಗಿ ಕಚ್ಚಿಕೊಂಡಿತು, ಅಷ್ಟೇ. ಇಪ್ಪತ್ತು ರೂಪಾಯಿಯ ಸಾಮಾನೂ ಅಲ್ಲ ಆ ಸೀಲು ಆಗ. ಅದನ್ನೂ ಹಳೆಯ ಪಿಸ್ಟನ್ನನ್ನೂ ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿಟ್ಟಿದ್ದೇನೆ. ನೋಡು. ಬೆರಳಲ್ಲಿ ಒತ್ತಿ ನೋಡು.

ಇನ್ನು ಕೆಲಸದ ವಿಷಯ.

ಬಹಳ ಜನ ಈಗ ಹಳೆಯ ಜಾವಾ, ಯೆಜ್ಡಿ ಹಿಡಿದು ಬರುತ್ತಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನ ಎಂದು ಆಚರಿಸುತ್ತಾರಲ್ಲ, ಅದು ಹತ್ತಿರ ಬಂದರೆ ನನ್ನ ಶೆಡ್ಡಿನ ಮುಂದೆಯೂ ಸಾಲು. ಅವರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಕೆಲವರು ಬಂದ ಕೂಡಲೇ "ಎಲ್ಲ ಹೊಸದು ಹಾಕಿಬಿಡಿ" ಎನ್ನುತ್ತಾರೆ. ಅದು ನನಗೆ ಒಪ್ಪುವುದಿಲ್ಲ. ಎಂಜಿನ್ ಕೆಲಸ ಎಂದರೆ ಅಳೆಯುವುದು. ಅಳತೆಯಲ್ಲಿ ಸೋತದ್ದನ್ನು ಬದಲಿಸಬೇಕು, ನಿಂತದ್ದನ್ನು ತೊಳೆದು ಹಾಗೇ ಕೂರಿಸಬೇಕು. ಈ ಯಾದವಗಿರಿಯಲ್ಲಿ ಎರಕವಾಗಿ, ಇಲ್ಲೇ ಲೇತಿಗೆ ಹತ್ತಿ, ಇಲ್ಲಿಯ ಜನರ ಕೈಯಲ್ಲಿ ಅಳತೆ ಮುಗಿಸಿದ ಭಾಗಗಳು ಅವು. 1961ರಲ್ಲಿ ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಐಡಿಯಲ್ ಜಾವಾ ಕಾರ್ಖಾನೆ ಉದ್ಘಾಟಿಸಿದಾಗ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗೇಟಿನ ಹತ್ತಿರ ನಿಂತಿದ್ದರಂತೆ. ಶುರುವಿನಲ್ಲಿ ಚೆಕೊಸ್ಲೊವಾಕಿಯಾದಿಂದ ಬಿಡಿಭಾಗ ತರಿಸಿ ಜೋಡಿಸುತ್ತಿದ್ದರು. ನಾನು ಐಟಿಐ ಮುಗಿಸಿ ಕೆಲಸಕ್ಕೆ ಸೇರುವ ಹೊತ್ತಿಗೆ ಟ್ಯಾಂಕಿನ ಮೇಲೆ ಜಾವಾ ಹೋಗಿ ಯೆಜ್ಡಿ ಎಂದು ಬಂದಿತ್ತು, ಎಂಜಿನ್ ಪೂರ್ತಿ ನಮ್ಮಲ್ಲೇ ಆಗುತ್ತಿತ್ತು. 1996ರಲ್ಲಿ ಬಾಗಿಲು ಹಾಕಿತು. ಈಗ ಆ ಹೆಸರಿನಲ್ಲಿ ಹೊಸ ಗಾಡಿಗಳು ಬಂದಿವೆ, ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ. ಚೆನ್ನಾಗಿವೆ, ಆದರೆ ಅವು ನೀರಿನಿಂದ ತಣ್ಣಗಾಗುವ ಫೋರ್ ಸ್ಟ್ರೋಕ್ ಎಂಜಿನ್ನುಗಳು. ಅವುಗಳ ಭಾಗ ಒಂದೂ ನಮ್ಮದಕ್ಕೆ ಕೂರುವುದಿಲ್ಲ. ಹೀಗಿರುವಾಗ ಕಾರ್ಖಾನೆಯ ಅಸಲಿ ಸಾಮಾನನ್ನು ಸುಮ್ಮನೆ ಗುಜರಿಗೆ ಎಸೆಯುವುದನ್ನು ನಾನು ಹೇಗೆ ಒಪ್ಪಲಿ?

ನಿನ್ನ ಗಾಡಿಯ ಎಂಜಿನ್ ಇಳಿಸಿ ಮೊದಲು ಹೆಡ್ ಬಿಚ್ಚಿದೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡೇ ಇತ್ತು. ಇಷ್ಟು ಮಳೆಗಾಲ ಕಂಡ ಮೇಲೆ ತುಕ್ಕೂ ಸೇರಿತ್ತು. ಡೀಸೆಲ್ ಸುರಿದು, ಮೇಲೆ ಬಟ್ಟೆ ಮುಚ್ಚಿ ಬಿಟ್ಟೆ. ದಿನವೂ ಬೆಳಿಗ್ಗೆ ಕಾಫಿ ಕುಡಿದು ಹೋಗಿ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟುವುದು, ಮತ್ತೆ ಸುರಿಯುವುದು. ಇಲ್ಲಿ ಅವಸರ ಮಾಡಿ ಸುತ್ತಿಗೆ ಬೀಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅಸೆಂಬ್ಲಿ ಸೆಕ್ಷನ್ನಿನಲ್ಲಿ ನನ್ನ ಜೊತೆಗಿದ್ದ ಗೆಳೆಯ, ನೀನು ನೋಡಿದ್ದೀಯ, ಸಂಜೆ ಹೊತ್ತು ಬಂದು ಕೂರುತ್ತಿದ್ದ. ಒಂದು ಸಂಜೆ ಅವನ ಕೈಯಲ್ಲೇ ಬಿಟ್ಟುಕೊಂಡಿತು.

ಆಮೇಲೆ ಎಂಜಿನ್ನಿನ ಎರಡು ಹೋಳು ಬೇರೆ ಮಾಡಿದೆವು. ಈ ಎರಡು ಹೋಳುಗಳು ಜೋಡಿಯಾಗಿಯೇ ಹುಟ್ಟಿದವು. ಕೂಡಿಸಿಟ್ಟು ಬೇರಿಂಗಿನ ಮನೆಗಳನ್ನು ಒಂದೇ ಸಾಲಿಗೆ ಕೊರೆದಿರುತ್ತಾರೆ. ಒಂದು ಗಾಡಿಯ ಎಡ ಹೋಳಿಗೆ ಇನ್ನೊಂದು ಗಾಡಿಯ ಬಲ ಹೋಳು ಸೇರಿಸಿದರೆ ಬೋಲ್ಟು ಕೂರುತ್ತದೆ, ಕ್ರ್ಯಾಂಕ್ ಸರಿಯಾಗಿ ತಿರುಗುವುದಿಲ್ಲ. ನಿನ್ನದು ಅಸಲಿ ಜೋಡಿ, ಬಿರುಕಿಲ್ಲ, ವೆಲ್ಡಿಂಗ್ ಆಗಿಲ್ಲ. ಅದನ್ನು ನೋಡಿ ನಮ್ಮಿಬ್ಬರಿಗೂ ಎಷ್ಟು ಸಂತೋಷವಾಯಿತೆಂದರೆ ಅತ್ತಿಗೆ ಒಳಗಿನಿಂದ ಏನಾಯಿತು ಎಂದು ಕೇಳಿಕೊಂಡು ಬಂದಳು.

ಮೈನ್ ಬೇರಿಂಗುಗಳ ಗುಂಡುಗಳಲ್ಲಿ ತುಕ್ಕಿನ ಚುಕ್ಕೆ ಇತ್ತು, ಬದಲಿಸಿದೆ. ಬೇರಿಂಗ್ ಕೂರಿಸುವಾಗ ಹೊಡೆದು ಕೂರಿಸಬಾರದು. ಕೇಸನ್ನು ಕಾಸಿದರೆ ಅಲ್ಯೂಮಿನಿಯಂ ಹಿಗ್ಗಿ ಬೇರಿಂಗ್ ತಾನಾಗಿ ಮನೆಯೊಳಗೆ ಇಳಿಯುತ್ತದೆ. ಎರಡೂ ಕಡೆ ಹೊಸ ಆಯಿಲ್ ಸೀಲ್. ಜೆ.ಸಿ. ರೋಡಿನಲ್ಲಿ ಸಿಕ್ಕ ಮೊದಲ ಜೊತೆ ನನಗೆ ಹಿಡಿಸಲಿಲ್ಲ, ತುಟಿ ದಪ್ಪ. ಹುಡುಕಿಸಿ ಬೇರೆ ತರಿಸಿದೆ. ಇಡೀ ಕೆಲಸದಲ್ಲಿ ಅಗ್ಗದ ವಸ್ತು ಸೀಲು, ಹೆಚ್ಚು ಹೊತ್ತು ನಾನು ಖರ್ಚು ಮಾಡಿದ್ದೂ ಅದರ ಮೇಲೇ.

ಕ್ರ್ಯಾಂಕ್ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ, ನನ್ನ ಜೀವನ ಕಳೆದದ್ದು ಕ್ರ್ಯಾಂಕ್ ಜೋಡಿಸುವ ಆ ಸೆಕ್ಷನ್ನಿನಲ್ಲಿ. ಈ ಕ್ರ್ಯಾಂಕ್ ಒಂದೇ ತುಂಡಲ್ಲ. ಎರಡು ಭಾರದ ಚಕ್ರಗಳ ನಡುವೆ ಪಿನ್ ಒತ್ತಿ ಕೂರಿಸಿರುತ್ತಾರೆ. ಹಿಡಿದಿಡಲು ಕೀಲಿಯೂ ಇಲ್ಲ, ನಟ್ಟೂ ಇಲ್ಲ, ಬಿಗುವಿನ ಮೇಲೇ ನಿಂತಿರುತ್ತದೆ. ಓಡುತ್ತಿದ್ದ ಎಂಜಿನ್ ಗಕ್ಕನೆ ಕಚ್ಚಿಕೊಂಡು ನಿಂತರೆ ಆ ಹೊಡೆತಕ್ಕೆ ಒಂದು ಚಕ್ರ ಪಿನ್ನಿನ ಮೇಲೆ ಕೂದಲೆಳೆಯಷ್ಟು ತಿರುಗಿಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಎರಡು ತುದಿಯನ್ನೂ ಸೆಂಟರಿಗೆ ಹಿಡಿದು, ಡಯಲ್ ಗೇಜ್ ಮುಟ್ಟಿಸಿ ನಿಧಾನವಾಗಿ ತಿರುಗಿಸಿದರೆ ಮುಳ್ಳು ಓಲಾಡುತ್ತದೆ. ನಿನ್ನದು ಓಲಾಡಿತು. ಎಲ್ಲಿ ಮುಳ್ಳು ಮೇಲೇರುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಕ್ರ್ಯಾಂಕನ್ನು ಕೈಯಲ್ಲಿ ಹಿಡಿದು ತಾಮ್ರದ ಸುತ್ತಿಗೆಯಲ್ಲಿ ಒಂದು ಪೆಟ್ಟು. ಮತ್ತೆ ಸೆಂಟರಿಗೆ, ಮತ್ತೆ ತಿರುಗಿಸು, ಮತ್ತೆ ನೋಡು. ಎಷ್ಟು ಜೋರಾಗಿ, ಯಾವ ಕೋನದಲ್ಲಿ ಎಂಬುದನ್ನು ಪುಸ್ತಕ ನೋಡಿ ಕಲಿಯಲಾಗುವುದಿಲ್ಲ, ಕೈಗೆ ಗೊತ್ತಿರಬೇಕು. ನನ್ನ ಕೈ ಈಗ ಸ್ವಲ್ಪ ನಡುಗುತ್ತದೆ ಪುಟ್ಟಿ, ನಿನಗೆ ಗೊತ್ತು. ಆದರೆ ಆ ಸುತ್ತಿಗೆ ಹಿಡಿದಾಗ ನಡುಗಲಿಲ್ಲ. ಮುಳ್ಳು ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. ಬಿಗ್ ಎಂಡಿನಲ್ಲಿ ಮೇಲೆ ಕೆಳಗೆ ಆಟವೇ ಇರಲಿಲ್ಲ, ಹೀಗಾಗಿ ಪಿನ್ನೂ ರಾಡೂ ಬದಲಿಸಲಿಲ್ಲ. ನೀನು ಕೆಲಸಕ್ಕೆ ಸೇರಿದಾಗ ಓಡಿಸಿಕೊಂಡು ಹೋದ ಕ್ರ್ಯಾಂಕೇ ಈಗಲೂ ಒಳಗಿದೆ.

ಸಿಲಿಂಡರ್ ಮಾತ್ರ ಬೋರ್ ಮಾಡಿಸಲೇಬೇಕಾಯಿತು. ಗಾಡಿ ಹೊಸದಾಗಿದ್ದಾಗ ಬೋರ್ 65 ಮಿಲಿಮೀಟರ್, ಸ್ಟ್ರೋಕ್ 75. ಹಿಂದೆ ಒಂದು ಸಲ 0.25 ದೊಡ್ಡದು ಮಾಡಿ ಆಗಿತ್ತು. ಗೀರು ಆಳವಾಗಿದ್ದರಿಂದ ಈ ಸಲ 0.75ಕ್ಕೆ ಹೋಗಬೇಕಾಯಿತು. ಇನ್ನೊಂದು ಬೋರಿಗೆ ಜಾಗ ಇದೆ, ಹೆದರಬೇಡ. ಹೊಸ ಸಿಲಿಂಡರೇ ಹಾಕಿ ಎಂದು ಲೇತಿನವರು ಹೇಳಿದರು, ನಾನು ಒಪ್ಪಲಿಲ್ಲ. ಹಳೆಯ ಎರಕ ಎಷ್ಟೋ ಸಲ ಕಾದು ಆರಿ ಪಳಗಿರುತ್ತದೆ, ಇನ್ನು ಸೊಟ್ಟಗಾಗುವುದಿಲ್ಲ.

ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಎಷ್ಟು ಸಂದು ಬಿಡಬೇಕು ಎಂಬುದರ ಮೇಲೆ ಗಾಡಿಯ ಆಯುಷ್ಯ ನಿಂತಿದೆ. ಅಲ್ಯೂಮಿನಿಯಂ ಕಾದಾಗ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸಂದು ಬಿಗಿಯಾದರೆ ಮತ್ತೆ ಸೀಜ್, ಸಡಿಲವಾದರೆ ಪಿಸ್ಟನ್ ಗೋಡೆಗೆ ಬಡಿಯುವ ಸದ್ದು. ಪಿಸ್ಟನ್ ನೋಡಲು ದುಂಡಗೆ, ನೆಟ್ಟಗೆ ಕಾಣುತ್ತದೆ; ನಿಜವಾಗಿ ಅದರ ತಲೆ ಬುಡಕ್ಕಿಂತ ಸಣ್ಣ, ಯಾಕೆಂದರೆ ಬೆಂಕಿಗೆ ಹತ್ತಿರವಿರುವ ತಲೆ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಮೊದಲು ಪಿಸ್ಟನ್ ಕೊಂಡು, ಅದರ ಬುಡದ ಹತ್ತಿರ ಮೈಕ್ರೋಮೀಟರ್ ಹಿಡಿದು ಅಳೆದು, ಆ ಪಿಸ್ಟನ್ನನ್ನೇ ಲೇತಿನವರ ಕೈಗೆ ಕೊಟ್ಟು ಅದಕ್ಕೆ ತಕ್ಕ ಹಾಗೆ ಬೋರ್ ಮಾಡಿಸಿದೆ. ಡಬ್ಬಿಯ ಮೇಲೆ ಬರೆದ ಸೈಜ್ ನಂಬಿ ಬೋರ್ ಮಾಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಬೋರ್ ಮುಗಿಸಿ ಹೋನಿಂಗ್ ಮಾಡಿ ಕೊಟ್ಟರು. ಬೆರಳು ಆಡಿಸಿದರೆ ಪೋರ್ಟುಗಳ ಅಂಚು ಬ್ಲೇಡಿನ ಹಾಗೆ ಚೂಪು. ಟೂ ಸ್ಟ್ರೋಕಿನಲ್ಲಿ ರಿಂಗು ಪ್ರತಿ ಸಲವೂ ಈ ಕಿಂಡಿಗಳನ್ನು ದಾಟಿ ಹೋಗಬೇಕು. ದಾಟುವಾಗ ಚೂರು ಹೊರಕ್ಕೆ ಉಬ್ಬುತ್ತದೆ. ಅಂಚು ಚೂಪಾಗಿದ್ದರೆ ರಿಂಗು ಸಿಕ್ಕಿ ಮುರಿಯುತ್ತದೆ, ತುಂಡು ಪಿಸ್ಟನ್ನನ್ನೂ ಹೆಡ್ಡನ್ನೂ ತಿಂದುಹಾಕುತ್ತದೆ. ಲೇತಿನಲ್ಲಿ ಅಂಚು ಮುರಿದು ಕೊಡುವವರು ಕಡಿಮೆ. ನಾನು ಸಿಲಿಂಡರನ್ನು ತೊಡೆಯ ಮೇಲಿಟ್ಟುಕೊಂಡು, ಸಣ್ಣ ಎಣ್ಣೆಗಲ್ಲು ಹಿಡಿದು ಒಂದೊಂದು ಕಿಂಡಿಯ ಮೇಲಂಚು, ಕೆಳಂಚು ತೀಡಿದೆ. ನಮ್ಮ ಗಾಡಿಗೆ ಸೈಲೆನ್ಸರ್ ಎರಡಲ್ಲವೇ, ಎರಡು ಪೋರ್ಟುಗಳ ನಡುವೆ ಒಂದು ಕಿರಿದಾದ ಪಟ್ಟಿ ಉಳಿದಿರುತ್ತದೆ. ಎರಡೂ ಕಡೆಯಿಂದ ಬೆಂಕಿಹೊಗೆ ಹೋಗುವುದರಿಂದ ಆ ಪಟ್ಟಿ ಬೇರೆ ಕಡೆಗಿಂತ ಹೆಚ್ಚು ಕಾದು ಒಳಕ್ಕೆ ಉಬ್ಬುತ್ತದೆ. ಅಲ್ಲಿ ಮಾತ್ರ ಹೆಸರಿಗಷ್ಟು ಹೆಚ್ಚಾಗಿ ತೀಡಬೇಕು. ನಿನ್ನ ಹಳೆಯ ಪಿಸ್ಟನ್ ಮೇಲೆ ನಡುವಿನಲ್ಲಿ ಒಂದು ಉದ್ದ ಗೀರು ಕಾಣುತ್ತದೆ ನೋಡು, ಅದು ಈ ಪಟ್ಟಿಯದು.

ಉಳಿದದ್ದು ಬೇಗ ಹೇಳುತ್ತೇನೆ. ಕ್ಲಚ್ಚಿನ ಕಾರ್ಕ್ ಪ್ಲೇಟುಗಳು ಒಣಗಿ ಪುಡಿಯಾಗಿದ್ದವು. ಹೊಸವನ್ನು ರಾತ್ರಿಯಿಡೀ ಆಯಿಲಿನಲ್ಲಿ ನೆನೆಹಾಕಿ ಬೆಳಿಗ್ಗೆ ಹಾಕಿದೆ. ಗೇರುಗಳ ಹಲ್ಲು ಚೆನ್ನಾಗಿವೆ, ತೊಳೆದು ಕೂರಿಸಿದೆ. ಸೈಲೆನ್ಸರಿನ ಒಳಗಿನ ಕೊಳವೆ ಕರಿ ಕಟ್ಟಿ ಮುಚ್ಚಿಯೇ ಹೋಗಿತ್ತು. ಹೊರತೆಗೆದು ಹಿತ್ತಲಲ್ಲಿ ಬೆಂಕಿ ಹಾಕಿ ಸುಟ್ಟು ಉದುರಿಸಿದೆ. ಪಾಯಿಂಟ್ ಹೊಸದು, ಸಂದು 0.4 ಮಿಲಿಮೀಟರ್. ಕಾರ್ಬುರೇಟರ್ ಅದೇ ಜಿಕೋವ್, ಜೆಟ್ ತೊಳೆದಿದ್ದೇನೆ, ಕೊರೆದಿಲ್ಲ. ಬಣ್ಣಕ್ಕೆ ಕೈ ಹಾಕಲಿಲ್ಲ. ಟ್ಯಾಂಕಿನ ಎಡಮಗ್ಗುಲಲ್ಲಿ ನೀನು ಮಾನಸಗಂಗೋತ್ರಿಯಲ್ಲಿ ಗಾಡಿ ಕಲಿಯುವಾಗ ಬೀಳಿಸಿ ಆದ ತಗ್ಗು ಹಾಗೇ ಇದೆ. ಪೇಂಟರ್ ತೆಗೆದುಕೊಡುತ್ತೇನೆ ಎಂದ, ಬೇಡ ಎಂದೆ.

ಸ್ಟಾರ್ಟ್ ಮಾಡಿದ ದಿನ ಶೆಡ್ಡಿನಲ್ಲಿ ನಾಲ್ಕೈದು ಜನ ಸೇರಿದ್ದರು, ಎಲ್ಲ ಕಾರ್ಖಾನೆಯಲ್ಲಿ ಇದ್ದವರೇ. ಎಂಜಿನ್ ಸ್ಟಾರ್ಟ್ ಆದಾಗ ಯಾರೂ ಮಾತಾಡಲಿಲ್ಲ. ಎರಡೂ ಸೈಲೆನ್ಸರಿನ ಹಿಂದೆ ಅಂಗೈ ಹಿಡಿದು ಒತ್ತಡ ಸಮ ಇದೆಯೇ ಎಂದು ನೋಡಿದೆ, ಸಮ ಇತ್ತು. ಆಕ್ಸಿಲರೇಟರ್ ಏರಿಸಿ ಬಿಟ್ಟೆ. ಸದ್ದು ಕೂಡಲೇ ಇಳಿದು ತನ್ನ ಜಾಗಕ್ಕೆ ಬಂತು. ನನಗೆ ಬೇಕಾಗಿದ್ದುದು ಅದೇ.

ಈಗ ನೀನು ಮಾಡಬೇಕಾದ್ದು. ಇದನ್ನು ಎರಡು ಸಲ ಓದು.

ಪೆಟ್ರೋಲಿಗೆ ಲೀಟರಿಗೆ 40 ಎಂ.ಎಲ್. ಟೂ ಟಿ ಆಯಿಲ್. ಬಂಕಿನವರು ಕಡಿಮೆ ಸಾಕು ಎನ್ನುತ್ತಾರೆ, ಕೇಳಬೇಡ. ಹೊಗೆ ಸ್ವಲ್ಪ ಹೆಚ್ಚು ಬಂದರೆ ಬರಲಿ. ಮೊದಲ 500 ಕಿಲೋಮೀಟರ್ 50ರ ಮೇಲೆ ಹೋಗಬೇಡ. ಹಾಗೆಂದು ಟಾಪ್ ಗೇರಿನಲ್ಲಿ ಎಂಜಿನ್ ನರಳಿಸುತ್ತ ಏರು ಹತ್ತಿಸಬಾರದು, ಬೇಗ ಗೇರ್ ಇಳಿಸು. ಒಂದೇ ವೇಗದಲ್ಲಿ ಬಹಳ ದೂರ ಹೋಗದೆ ಸ್ವಲ್ಪ ಏರಿಸು, ಸ್ವಲ್ಪ ಇಳಿಸು. ಹೊಸ ರಿಂಗು ಗೋಡೆಗೆ ಹೊಂದಿಕೊಳ್ಳುವುದು ಹೀಗೆ.

ಕಿಕ್ ಬಗ್ಗೆ ನೀನು ಯೋಚಿಸುತ್ತಿದ್ದೀಯ, ಫೋನಿನಲ್ಲಿ ನಿನ್ನ ದನಿಯಲ್ಲೇ ಗೊತ್ತಾಯಿತು. ಅರವತ್ತೈದಕ್ಕೆ ಇದು ಆಗುವ ಕೆಲಸ. ಸ್ಟ್ಯಾಂಡ್ ಹಾಕು. ಕಾರ್ಬುರೇಟರಿನ ಟಿಕ್ಲರ್ ಒತ್ತಿ ಪೆಟ್ರೋಲ್ ಜಿನುಗಿದ ಕೂಡಲೇ ಬಿಡು. ಗೇರಿನ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುವುದು ನಿನಗೆ ನೆನಪಿರಬೇಕು. ಕೀ ಹಾಕದೆ ಒಂದೆರಡು ಸಲ ಮೆಲ್ಲಗೆ ಒತ್ತು, ಆಮೇಲೆ ಕೀ ಹಾಕಿ ಒಂದು ತುಳಿತ. ಸರಿಯಾಗಿ ಕಟ್ಟಿದ ಎಂಜಿನ್ನಿಗೆ ಬಲ ಬೇಡ. ಮೊಮ್ಮಗಳು ತಾನು ತುಳಿಯುತ್ತೇನೆ ಎಂದರೆ ಕಲಿಸು, ಆದರೆ ಮೊದಲ ಸಲ ನೀನೇ ತುಳಿ. ಬ್ಯಾಟರಿ 6 ವೋಲ್ಟಿನದು, ಅದು ಸತ್ತರೆ ಪ್ಲಗ್ಗಿಗೆ ಕಿಡಿ ಬರುವುದಿಲ್ಲ, ವಾರಕ್ಕೊಮ್ಮೆಯಾದರೂ ಗಾಡಿ ಹೊರಗೆ ತೆಗೆ.

ಹೆಬ್ರಿ ಕಡೆ ಹೋಗುವುದಾದರೆ ಇದನ್ನು ಮರೆಯಬೇಡ. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನ ಹಿಡಿತದಲ್ಲೇ ಇಳಿಸಿದರೆ ಪೆಟ್ರೋಲ್ ಹೋಗುವುದಿಲ್ಲ, ಪೆಟ್ರೋಲಿನ ಜೊತೆ ಬರಬೇಕಾದ ಆಯಿಲೂ ಹೋಗುವುದಿಲ್ಲ, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ತಿರುವು ತಿರುವಿಗೂ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲರೇಟರ್ ಏರಿಸಿ ಬಿಡು. ಹತ್ತುವಾಗ ಎಂಜಿನ್ ದನಿ ಒಣಗಿದ ಹಾಗೆ ಕೇಳಿಸಿದರೆ ತಕ್ಷಣ ಕ್ಲಚ್ ಹಿಡಿದು ಪಕ್ಕಕ್ಕೆ ನಿಲ್ಲಿಸಿ ಕಾಲು ಗಂಟೆ ಕೂತು ಹೋಗು.

ಇನ್ನೊಂದು. 2025ರಿಂದ ಬಂಕುಗಳಲ್ಲಿ ಬಹುಮಟ್ಟಿಗೆ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಅದು ನೀರು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಕಾರ್ಬುರೇಟರಿನಲ್ಲಿರುವುದು ಮುಗಿದು ತಾನಾಗಿ ಆರುವವರೆಗೆ ಓಡಿಸಿಬಿಡು. ಪೈಪುಗಳನ್ನು ಈ ಪೆಟ್ರೋಲಿಗೆ ತಾಳುವ ಜಾತಿಯವಕ್ಕೆ ಬದಲಿಸಿದ್ದೇನೆ.

ಆ ಮಾತು ಹೇಳಿದ ಮೆಕ್ಯಾನಿಕ್ ಈಗ ಇದ್ದಾನೋ ಇಲ್ಲವೋ, ಅವನ ಮೇಲೆ ನನಗೆ ಸಿಟ್ಟಿಲ್ಲ. ಹೆಡ್ ಮಾತ್ರ ಬಿಚ್ಚಿ ನೋಡಿದವನಿಗೆ ಕಚ್ಚಿಕೊಂಡ ಪಿಸ್ಟನ್ ಕಂಡಿತು, ಸೀಲ್ ಕಾಣುವಷ್ಟು ಒಳಗೆ ಅವನು ಹೋಗಲಿಲ್ಲ. ಆದರೆ ಎಂಜಿನ್ ಪೂರ್ತಿ ಬಿಚ್ಚಿ ನೋಡದೆ ನಿನ್ನಂಥ ಜವಾಬ್ದಾರಿಯ ಹುಡುಗಿಯನ್ನು ದೂರಿದರಲ್ಲ, ಅದು ನನಗೆ ಇವತ್ತಿಗೂ ನೋವು. ನೀನು ಆಯಿಲ್ ಅಳೆದು ಹಾಕುತ್ತಿದ್ದ ಸಣ್ಣ ಸ್ಟೀಲ್ ಲೋಟ ಸೀಟಿನ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಹಾಗೇ ಸಿಕ್ಕಿತು. ಅಷ್ಟು ಜೋಪಾನ ಮಾಡುವವಳು ಮರೆಯುತ್ತಾಳೆಯೇ?

ಬುಧವಾರ ಲಾರಿಗೆ ಹಾಕುತ್ತೇನೆ. ಟ್ಯಾಂಕ್ ಖಾಲಿ ಮಾಡಿ, ಬ್ಯಾಟರಿ ವಯರ್ ಬಿಚ್ಚಿ ಕಳಿಸುತ್ತೇನೆ. ಕೆಂಪು ಟೇಪು ಸುತ್ತಿದ್ದು ಬ್ಯಾಟರಿಯ ಪ್ಲಸ್ಸಿಗೆ. ಎಳ್ಳಮಾವಾಸ್ಯೆ ಜಾತ್ರೆಗೆ ನಾನೂ ಅತ್ತಿಗೆಯೂ ತೀರ್ಥಹಳ್ಳಿಗೆ ಬರುತ್ತೇವೆ. ಅಷ್ಟರೊಳಗೆ 500 ಕಿಲೋಮೀಟರ್ ಮುಗಿಸಿರು. ಎಂಜಿನ್ ತಣ್ಣಗಿರುವಾಗ ಹೆಡ್ ನಟ್ಟುಗಳನ್ನು ಇನ್ನೊಂದು ಸಲ ಬಿಗಿ ಮಾಡಬೇಕು, ಗೇರ್ ಆಯಿಲ್ ಬದಲಿಸಬೇಕು, ಪ್ಲಗ್ಗಿನ ಬಣ್ಣ ನೋಡಬೇಕು. ಸ್ಪ್ಯಾನರ್ ನಾನೇ ತರುತ್ತೇನೆ, ನೀನು ಆಯಿಲ್ ಮಾತ್ರ ತಂದಿಡು.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆಲ್ಲ ಆಶೀರ್ವಾದ.

ಇತಿ ನಿನ್ನ ಪ್ರೀತಿಯ,
ಅಣ್ಣ